ಸರ್ವೇಗೆ ಹೊರಡುವ ಮುಂಚೆ: ಸ್ಯಾಂಪಲ್ ಲೆಕ್ಕ
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹಳ್ಳಿಗಳ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಲೆಗಟ್ಟುವುದು) ಸರ್ವೇಗೆ 384 ಮಕ್ಕಳು ಸಾಕು ಅಂತ ಹೆಚ್ಚಿನವರು ಬರೆದಿದ್ದೀರಿ. ಮಕ್ಕಳನ್ನು ಒಬ್ಬೊಬ್ಬರಾಗಿ ಚೀಟಿ ಎತ್ತಿ ಆರಿಸಿದರೆ ಮಾತ್ರ ಆ ಲೆಕ್ಕ ಸರಿ. ನಾವು ಮೊದಲು ಆರಿಸುವುದು ಊರುಗಳನ್ನು. ಒಂದೇ ಬೋರ್‌ವೆಲ್ ನೀರು ಕುಡಿದ ಮಕ್ಕಳ ಹಲ್ಲು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ, ಅಲ್ವಾ? ಹಾಗಾಗಿ ಒಂದೂರಿನ 30 ಮಕ್ಕಳನ್ನು ನೋಡಿದರೂ 30 ಬೇರೆ ಬೇರೆ ಊರಿನ ಮಕ್ಕಳಷ್ಟು ಮಾಹಿತಿ ಸಿಗುವುದಿಲ್ಲ. ಅದಕ್ಕೇ 384ನ್ನು ಡಿಸೈನ್ ಎಫೆಕ್ಟ್‌ನಿಂದ, ಅಂದರೆ ಹೀಗೆ ಊರೂರಾಗಿ ಆರಿಸುವಾಗ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಅನ್ನುವ ಸಂಖ್ಯೆಯಿಂದ, ಗುಣಿಸಬೇಕು. 2 ಅಂತ ಹಿಡಿದರೆ 768. ಸುಮ್ನೆ 2 ಹಾಕುವುದು ರೂಢಿ. ನೀರಿನ ವಿಷಯದಲ್ಲಿ ಅದೂ ಸಾಲದೆ ಹೋಗಬಹುದು. ಊರುಗಳು ಜಾಸ್ತಿ, ಊರಿಗೆ ಮಕ್ಕಳು ಕಡಿಮೆ ಇರಲಿ. ದಾವಣಗೆರೆಯಿಂದ ಬಸ್ ಖರ್ಚು ಏರುತ್ತದೆ, ಗೊತ್ತು. ಎಕ್ಸೆಲ್‌ನಲ್ಲಿ ಊರಿನ ಕೋಡ್ ಕಾಲಮ್ ಮರೆಯಬೇಡಿ. ತಿದ್ದಿದ ಲೆಕ್ಕ ಶುಕ್ರವಾರದೊಳಗೆ ಇಲ್ಲೇ ಹಾಕಿ.