ಕೊಟ್ಟಿಗೆಯವರೆಗೂ ಹೇಳು

ಚಿ|| ಸೌ|| ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಬಿಡು. ನಿನ್ನ ಕಾಗದದ ಕೊನೆಗೆ ಬರೆದ ಒಂದು ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಪುಣ್ಯಕೋಟಿ ಕತೆ ಕೇಳಿದಾಗಿನಿಂದ ಪಾಪು ಬೆಳಿಗ್ಗೆ ನಿನ್ನ ದುಪಟ್ಟಾ ಹಿಡಿದುಕೊಂಡು "ಅಮ್ಮಾ, ಆಫೀಸಲ್ಲಿ ಹುಲಿ ಇದೆಯಾ?" ಅನ್ನುತ್ತಾನಂತೆ. ಸತ್ಯ ಕಲಿಸಲು ಹೋಗಿ ಹೆದರಿಕೆ ಕಲಿಸಿಬಿಟ್ಟೆನಾ ದೊಡ್ಡಮ್ಮ ಅಂತ ಕೇಳಿದ್ದೀಯ.

ಅದೇ ಹಾಡನ್ನು ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು ನಾನು. ಹುಲಿ ನೆಗೆದು ಪ್ರಾಣ ಬಿಟ್ಟ ಕೂಡಲೇ ಪುಸ್ತಕ ಮುಚ್ಚಿಸಿ "ನೀತಿ ಬರೀರಿ" ಅನ್ನುತ್ತಿದ್ದೆ. ಒಮ್ಮೆ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಹಸು ಮನೆಗೆ ಬಂತಾ?" ಅಂದಳು. ಅವಳ ತಾಯಿ ಕಾಫಿ ತೋಟದ ಕೂಲಿಗೆ ಹೋಗಿ ಮೂರು ತಿಂಗಳಾಗಿತ್ತು. ಗೊತ್ತಿದ್ದೂ "ಪ್ರಶ್ನೆಯಲ್ಲಿ ಅದಿಲ್ಲ, ಕೂತು ಬರಿ" ಅಂದೆ. ಸ್ಲೇಟು ತಂದು ತೋರಿಸಿದಳು, 'ಸತ್ಯ'ದ ಯ ಒತ್ತು ಬಿಟ್ಟುಹೋಗಿತ್ತು. ಒತ್ತು ಹಾಕಿ ಕಳಿಸಿದೆ. ಅಷ್ಟೇ ಮಾಡಿದ್ದು ನಾನು.

ಅವಳು ಕೇಳಿದ್ದಕ್ಕೆ ಹಾಡಿನಲ್ಲೇ ಉತ್ತರವಿತ್ತು ಕಣೇ. ಹುಲಿ ಸತ್ತ ಮೇಲೂ ಹಾಡು ನಿಲ್ಲುವುದಿಲ್ಲ. ಪುಣ್ಯಕೋಟಿ ಕೊಟ್ಟಿಗೆಗೆ ಬರುತ್ತಾಳೆ, ಕರುವಿಗೆ ಹಾಲುಣಿಸುತ್ತಾಳೆ, ಗೊಲ್ಲನನ್ನು ಕರೆದು ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ಭಜಿಸಿ ಅನ್ನುತ್ತಾಳೆ. ಪಾಪುವೂ ಆ ಹುಡುಗಿ ಕೇಳಿದ್ದನ್ನೇ ಕೇಳುತ್ತಿದ್ದಾನೋ ಏನೋ. ನಾವು ದೊಡ್ಡವರು ಹಸುವಿನ ಕಡೆಯಿಂದ ಕತೆ ಕೇಳುತ್ತೇವೆ, ಕೊಟ್ಟ ಮಾತು, ಸತ್ಯ ಅಂತ. ಅವನು ಕೂತಿರುವುದು ಕರುವಿನ ಪಕ್ಕದಲ್ಲಿ.

ಇನ್ನು ಮೇಲೆ ಪಂಚತಂತ್ರವೇ ಸಾಕು ಅಂತ ಬೇರೆ ಬರೆದಿದ್ದೀಯ. ನಗು ಬಂತು. ಅದು ರಾಜನ ಮಕ್ಕಳಿಗೆ ರಾಜನೀತಿ ಕಲಿಸಲು ಕಟ್ಟಿದ್ದು. 1031ರ ಸುಮಾರಿಗೆ ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ, ಸಂಧಾನ ನೋಡಿಕೊಳ್ಳುವ ಅಧಿಕಾರಿ; ಅವುಗಳ ಒಳಗುಟ್ಟು ಕಂಡವನು. ಅದರಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಸ್ನೇಹಿತರಾಗಿದ್ದ ಸಿಂಹ, ಎತ್ತುಗಳ ನಡುವೆ ಹುಳಿ ಹಿಂಡಿ, ಎತ್ತನ್ನು ಕೊಲ್ಲಿಸುತ್ತದೆ. ಅದನ್ನು ಹೇಳಿದರೆ ಮಾರನೇ ದಿನ ಬಾಗಿಲಲ್ಲಿ ಏನು ಕೇಳುತ್ತಾನೋ ಪುಣ್ಯಾತ್ಮ!

ಹೆದರಿಕೆ ಕಲಿಸಿದೆನಾ ಅಂದೆಯಲ್ಲ. ಇಲ್ಲ ಅಂತ ಎದೆ ತಟ್ಟಿ ಹೇಳಲು ನನಗೆ ಧೈರ್ಯವಿಲ್ಲ. ಆ ಹೆದರಿಕೆ ಅವನಲ್ಲಿ ಮೊದಲೇ ಇದ್ದು, ಕತೆ ಅದಕ್ಕೊಂದು ಹುಲಿಯನ್ನು ಕೊಟ್ಟಿರಬಹುದು. ನಾನೇನು ಡಾಕ್ಟರಲ್ಲ. ಆದರೂ ಒಂದು ಮಾಡಿ ನೋಡು, ಸರಿ ಅನಿಸಿದರೆ. ಇವತ್ತು ರಾತ್ರಿ ಹುಲಿಯ ಹತ್ತಿರ ನಿಲ್ಲಿಸಬೇಡ, ಕೊಟ್ಟಿಗೆಯವರೆಗೂ ಹೇಳು. ಹಾಲು ಕುಡಿಯುವ ಜಾಗದಲ್ಲಿ ಸ್ವಲ್ಪ ನಿಧಾನ ಮಾಡು. ಆಮೇಲೆ, ಹೋಗುವ ಮುಂಚೆ ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳಲ್ಲ, ಹಾಯಬೇಡಿ ಒದೆಯಬೇಡಿ ಅಂತ? ನೀನೂ ಪ್ಲೇಹೋಮಿನ ಆಯಾ ಕೈಗೆ ಅವನ ಕೈ ಕೊಟ್ಟು, ಅವನಿಗೆ ಕೇಳುವ ಹಾಗೆ ಎರಡು ಮಾತಾಡು. ನೀತಿ ಮಾತ್ರ ಕೇಳಬೇಡಮ್ಮ. ಅದನ್ನು ಕೇಳಿ ಕೇಳಿ ನಾನು ಕೆಟ್ಟಿದ್ದೇನೆ.

ಆ ಹುಡುಗಿಯ ತಾಯಿ ಯುಗಾದಿಗೆ ಬಂದಳು. ಅಷ್ಟು ಹೊತ್ತಿಗೆ ನಾವು ಮುಂದಿನ ಪಾಠಕ್ಕೆ ಹೋಗಿದ್ದೆವು.

ಹುಲಿ ಏನಾಯಿತು ಅಂತ ಬರಿ. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ