ಹೊನ್ನಾವರ ಪ್ರವಾಸ: ಹೊರಡುವ ಮುನ್ನ ಓದಿಕೊಳ್ಳಿ

ಆತ್ಮೀಯ ಸದಸ್ಯರೇ,

ಭಾನುವಾರ ನಾವು ಹೋಗಲಿರುವ ಹೊನ್ನಾವರವನ್ನು ಹೆದ್ದಾರಿಯ ಮೇಲಿನ ಊಟದ ನಿಲ್ದಾಣವೆಂದಷ್ಟೇ ಬಲ್ಲವರು ನಮ್ಮಲ್ಲಿ ಹೆಚ್ಚು, ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಶರಾವತಿ ಕಡಲು ಸೇರುವ ಈ ಊರಿಗೆ 14ನೆಯ ಶತಮಾನದಲ್ಲಿ ಬಂದಿದ್ದ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ, ಇಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಮುಂದೆ ಪೋರ್ಚುಗೀಸರನ್ನು ಈ ಕರಾವಳಿಗೆ ಸೆಳೆದದ್ದು ಕಾಳುಮೆಣಸು. ನದಿಯ ಮೇಲ್ಭಾಗದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದೇ ಕರೆದರು.

ಬೆಳಿಗ್ಗೆ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ನೋಡೋಣ. ನಾಲ್ಕು ದಿಕ್ಕಿಗೂ ಬಾಗಿಲು, ಪ್ರತಿ ಬಾಗಿಲಿನಿಂದಲೂ ಒಳಗಿನ ಮೂರ್ತಿಯ ದರ್ಶನ, ಸುತ್ತ ಕಾಡಿನ ಮೌನ: ಇಲ್ಲಿ ಅವಸರ ಮಾಡುವುದು ಬೇಡ. ಮಧ್ಯಾಹ್ನ ಅಪ್ಸರಕೊಂಡದ ಪುಟ್ಟ ಜಲಪಾತ. ಸಂಜೆ ಕಾಸರಕೋಡು ಕಡಲತೀರ; ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಇದಕ್ಕೆ 2020ರಲ್ಲಿ ಸಿಕ್ಕಿತು. ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲು ಸೇತುವೆಯನ್ನೂ ದಾರಿಯಲ್ಲಿ ಕಾಣಬಹುದು. ಕಡಲ ನಡುವಿನ ದ್ವೀಪಕೋಟೆ ಬಸವರಾಜದುರ್ಗಕ್ಕೆ ದೋಣಿ ಬೇಕಾದ್ದರಿಂದ, ಮಕ್ಕಳು ಜೊತೆಗಿರುವ ಈ ಬಾರಿ ಅದನ್ನು ಕೈಬಿಟ್ಟಿದ್ದೇವೆ.

ಬರುವವರ ಸಂಖ್ಯೆಯನ್ನು ಗುರುವಾರದೊಳಗೆ ಇಲ್ಲಿಯೇ ತಿಳಿಸತಕ್ಕದ್ದು.