ಲೈಸನ್ಸ್ ಸಿಕ್ಕಿತು, ಗುರಿ ಕಲಿಯುವುದೆಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನಲ್ಲಿ ಕೋವಿ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದರೆ ಪಕ್ಕದ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಕಡೆಯಿಂದ ಗುಂಡಿನ ಸದ್ದು ಕೇಳುತ್ತದೆ. ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಹುಡುಗಿಯರೂ ಗುರಿ ಇಡುತ್ತಾರೆ. ಕೊಡವರಿಗೆ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸನ್ಸಿನ ವಿನಾಯಿತಿ ಇದೆ, 2029ರವರೆಗೆ ಮುಂದುವರಿದಿದೆ. ನಮ್ಮದು ಮಾವ ದುಡ್ಡು ಕೊಟ್ಟು ತಗೊಂಡ ತೋಟ. ಹಾಗಾಗಿ ನಾನು ಅರ್ಜಿ ಹಾಕಿಯೇ ಲೈಸನ್ಸ್ ಪಡೆದೆ. ಯಜಮಾನರು ಹೋದ ಮೇಲೆ ನಾಪೋಕ್ಲು ಹತ್ತಿರದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಕಣದಲ್ಲಿ ಹರಡಿದ್ದ ಕಾಫಿ ಒಂದು ರಾತ್ರಿ ನಾಲ್ಕು ಮೂಟೆಯಷ್ಟು ಮಾಯವಾಗಿತ್ತು.

ಅಂಗಡಿಯವರು ಮೊದಲು ತೋರಿಸಿದ್ದು ನಿರ್ಭೀಕ್. ಕಾನ್ಪುರದಲ್ಲಿ 2014ರಲ್ಲಿ ಹೆಂಗಸರಿಗೆಂದೇ ತಯಾರಾದ ಪಾಯಿಂಟ್ 32 ರಿವಾಲ್ವರ್, ತೂಕ ಅರ್ಧ ಕೆಜಿ. ‘ಲೇಡೀಸ್‌ಗೆ ಇದೇ ಸರಿ ಮೇಡಂ’ ಅಂದರು. ಕೈಗೆ ಹಗುರ, ನಿಜ. ಆದರೆ ಅದೇ ಬಗೆಯ ತೋಟೆಗೆ ರಿವಾಲ್ವರ್ ಹಗುರ ಇದ್ದಷ್ಟೂ ಒದೆತ ಜಾಸ್ತಿ, ಅದನ್ನು ಅವರು ಹೇಳಲಿಲ್ಲ. ನಾನು ಸ್ವಲ್ಪ ಭಾರದ್ದನ್ನೇ ತಗೊಂಡೆ. ಹ್ಯಾಮರ್ ಹಿಂದಕ್ಕೆ ಎಳೆಯದೆ ಟ್ರಿಗರ್ ಒತ್ತಿದರೆ ಅದೆಷ್ಟು ಗಟ್ಟಿ ಅಂತೀರಿ! ಐವತ್ತೆಂಟರ ಗಂಟುನೋವಿನ ಬೆರಳು ನಡುಗುತ್ತದೆ.

ಸಂಜೆ ಅಭ್ಯಾಸ ಮಾಡುತ್ತೇನೆ. ತೋಟೆಗಳನ್ನೆಲ್ಲ ಬೇರೆ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿ, ಸಿಲಿಂಡರ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಗುಡ್ಡದ ಕಡೆಯ ಗೋಡೆಗೆ ಗುರಿ ಇಡುವುದು. ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ. ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಮೊದಲ ವಾರವೆಲ್ಲ ಮೇಜಿನಡಿ ನಾಣ್ಯ ಹುಡುಕಿದ್ದೇ ಬಂತು. ಈಗ ಹತ್ತಕ್ಕೆ ಏಳು ಸಲ ನಿಲ್ಲುತ್ತದೆ. ಆದರೆ ನಾಣ್ಯ ಒದೆಯಲ್ಲ, ಸದ್ದೂ ಮಾಡಲ್ಲ ಅಲ್ವಾ?

ಕಳೆದ ಜುಲೈ, ಜಡಿಮಳೆ, ಕರೆಂಟಿಲ್ಲ. ರಾತ್ರಿ ಒಂದೂವರೆಗೆ ಬಾಗಿಲು ಬಡಿದ ಸದ್ದು. ರಿವಾಲ್ವರ್ ಹಿಡಿದು ಹಾಲ್‌ಗೆ ಬಂದೆ. ‘ಅಮ್ಮಾ, ಜೀಪ್ ಬೇಕಿತ್ತು.’ ತೋಟದ ಕೆಲಸಗಾರರ ಸಾಲುಮನೆ, ನಮ್ಮ ಲೈನ್ ಮನೆಯವನು, ಹೆಂಡತಿಗೆ ಹೆರಿಗೆ ನೋವು. ರಿವಾಲ್ವರ್ ಕೆಳಗಿಡಲು ಹೋದಾಗ ನೋಡಿಕೊಂಡೆ, ಬೆರಳು ಟ್ರಿಗರ್ ಮೇಲೇ ಇತ್ತು. ಬೆರಳು ಹೊರಗೆ ನೀಟ ಇರಬೇಕು ಅಂತ ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಆ ಬಾಗಿಲಿನ ನೇರಕ್ಕೇ ಲೈನ್ ಮನೆಗಳು, ಹಲಗೆ ಗೋಡೆ, ಒಳಗೆ ಮಲಗಿದ ಮಕ್ಕಳು. ಜೀಪ್ ಸ್ಟಾರ್ಟ್ ಮಾಡಲು ಕೀ ತೂರಿಸುವುದಕ್ಕೇ ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಗೆ ಹೋಗಿದ್ದೆ. ಒಳ್ಳೆಯದೇ. ಆದರೆ ಅಲ್ಲಿ ನಾನು ಕಲಿತದ್ದು ಮಲಗಿ ಉದ್ದ ರೈಫಲ್ ಹೊಡೆಯುವುದು. ರಿವಾಲ್ವರ್ ಬೇರೆಯೇ ವಿದ್ಯೆ. ನಳಿಗೆ ಗಿಡ್ಡ, ಮಣಿಕಟ್ಟು ಚೂರು ಅಲುಗಿದರೂ ಗುರಿ ಎಲ್ಲೋ. ತೋಟದಲ್ಲಿ ಹೊಡೆದು ಕಲಿಯೋಣವೆಂದರೆ ಅದು ಅಪಾಯ, ಕೇಸೂ ಆಗಬಹುದು.

ತಿಂಗಳಿಗೊಂದು ಭಾನುವಾರ ಪಿಸ್ತೂಲು, ರಿವಾಲ್ವರ್ ಲೈಸನ್ಸ್ ಇರುವವರಿಗೂ ಜಿಲ್ಲಾ ಪೊಲೀಸರು ತಮ್ಮ ಗುರಿ ಅಭ್ಯಾಸದ ಜಾಗ ಬಿಟ್ಟುಕೊಡಲಿ. ತೋಟೆ ನಮ್ಮದೇ, ಶುಲ್ಕವೂ ಕೊಡುತ್ತೇವೆ. ಕತ್ತಲಲ್ಲಿ ಟಾರ್ಚ್ ಹಾಕಿ, ಯಾರು ಅಂತ ಕೂಗಿ ಕೇಳಿ, ಬೆರಳು ಹೊರಗಿಟ್ಟೇ ನಿಲ್ಲುವುದನ್ನೂ ಕಲಿಸಲಿ. ಮಳೆಗಾಲ ಬಿಡಿ, ಕಾಫಿ ಕೊಯ್ಲಿನ ತಿಂಗಳೂ ಬೇಡ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಲಿ.

— ಒಬ್ಬ ಕಾಫಿ ಬೆಳೆಗಾರ್ತಿ, ನಾಪೋಕ್ಲು